ಸಾಂಬಾರ್ ರುಚಿ ನೋಡಿ ಕಾಲೇಜು ಆರಿಸಿದ್ದು

ನಾಲ್ಕು ಲಕ್ಷ ರೂಪಾಯಿ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಎರಡನೇ ಹೋಟೆಲ್ ತೆರೆಯಲೆಂದು ಕೂಡಿಟ್ಟ ಆ ದುಡ್ಡು ಮಗಳ ಎರಡು ವರ್ಷದ ಓದಿಗೆ ಎಂದು ಮನೆಯಲ್ಲಿ ತೀರ್ಮಾನವಾಯಿತು. ತೀರ್ಮಾನವಾಗುವಾಗ ನಾನು ಮನೆಯಲ್ಲಿರಲಿಲ್ಲ. ಇರಲಿ, ದುಡ್ಡು ಹೋಗುವುದಕ್ಕೇ ಇರುವುದು. ಆದರೆ ನೋಡದೆ ಸರಕು ಕೊಂಡವನಲ್ಲ ನಾನು. ನೋಡಲು ಹೊರಟಾಗಲೆಲ್ಲ ಏನಾದರೊಂದು ಎಡವಟ್ಟು ಆಗದೆ ಬಿಡುವುದಿಲ್ಲ.

ಎಂತ ಸರಕು?

ಮಧ್ಯಾಹ್ನದ ಊಟ ಮುಗಿದು ಸಂಜೆಯ ಚಹಾ ಇನ್ನೂ ಶುರುವಾಗದ ಹೊತ್ತು ಠಾಣೆಯ ನೌಪಾಡಾದ ನಮ್ಮ ಹೋಟೆಲಿನಲ್ಲಿ ಬಹಳ ಚಂದ. ಫ್ಯಾನು ನಿಧಾನಕ್ಕೆ ತಿರುಗುತ್ತದೆ, ಬಾಯ್ಲರಿನ ಹಬೆ ಬಾಗಿಲ ಬಿಸಿಲಲ್ಲಿ ತೇಲುತ್ತದೆ, ಗಲ್ಲಾದ ಹಿಂದೆ ಕೂತವನ ಕಣ್ಣು ತಾನೇ ಮುಚ್ಚುತ್ತದೆ. ಅಂಥ ಹೊತ್ತಿಗೆ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದ ಮಗಳು ಎದುರು ನಿಂತಳು.

"ಪಪ್ಪಾ, ಸುನೋ ನಾ. ಎರಡು ಕಡೆ ಸೀಟು ಸಿಕ್ಕಿದೆ. ಶನಿವಾರದೊಳಗೆ ಒಂದು ಕಡೆ ಫೀಸು ಕಟ್ಟಬೇಕು. ಕಟ್ಟಿದರೆ ವಾಪಸ್ ಇಲ್ಲ."

"ನೀನು ಈಗಲೇ ನರ್ಸ್ ಅಲ್ವಾ ಮಾರಾಯ್ತಿ? ಇನ್ನೆಂತ ಓದುವುದು?"

"ನರ್ಸ್ ಪ್ರಾಕ್ಟಿಷನರ್. ಐಸಿಯುನಲ್ಲಿ ಪೇಷಂಟಿಗೆ ಏನಾದರೂ ಆದರೆ ಡಾಕ್ಟರ್ ಓಡಿ ಬರುವ ತನಕ ಸುಮ್ಮನೆ ನಿಲ್ಲುವುದಲ್ಲ. ಪರೀಕ್ಷೆ ಮಾಡಿ, ತೀರ್ಮಾನ ತೆಗೆದುಕೊಂಡು, ಚಿಕಿತ್ಸೆ ಶುರು ಮಾಡಬೇಕು. ಹೊಸ ಕೋರ್ಸು."

"ಅಂದರೆ ಧಣಿ ಊರಿಗೆ ಹೋದಾಗ ಗಲ್ಲಾದಲ್ಲಿ ಕೂರುವ ಮ್ಯಾನೇಜರ್."

ಮಗಳಿಗೆ ಸಿಟ್ಟು ಬಂತು. "ನಿಮ್ಮ ಮ್ಯಾನೇಜರ್ ತಪ್ಪು ಮಾಡಿದರೆ ಸಾಂಬಾರ್ ಹಾಳಾಗುತ್ತದೆ, ಅಷ್ಟೇ."

ಮೂಲೆಯ ಮೇಜಿನಲ್ಲಿ ಪೇಪರು ಹಿಡಿದಿದ್ದ ಮರಾಠಿ ಕಾಕಾ, ನಮ್ಮ ಹಳೇ ಗಿರಾಕಿ, ತಲೆಯೆತ್ತಿದರು. "ಅಷ್ಟೇ ಅಲ್ಲ ಬೇಟಾ. ಆ ಸಾಂಬಾರ್ ತಿಂದವನೂ ಕೊನೆಗೆ ನಿನ್ನ ಹತ್ತಿರವೇ ಬರುತ್ತಾನೆ."

ಬೇಲಾಪುರ

ಮೊದಲನೇ ಕಾಲೇಜು ಬೇಲಾಪುರದ ಕಡೆ. ಠಾಣೆಯಿಂದ ಲೋಕಲ್ ಹಿಡಿದೆವು. ಕಿಟಕಿಯ ಪಕ್ಕ ಸೀಟು, ತಣ್ಣನೆ ಗಾಳಿ, ಹೊರಗೆ ಹಸಿರು ಗುಡ್ಡ. ನನಗೆ ಡೊಂಬಿವಲಿಯ ಹೋಟೆಲ್ ಕಾಣತೊಡಗಿತು. ಬಿಳಿ ಟೈಲ್ಸು, ಹೊಸ ಬೋರ್ಡು, ಮೇಲಿನ ಮಹಡಿಯಲ್ಲಿ ಬಿಳಿ ಕೋಟು ತೊಟ್ಟ ಮಗಳು, ಕೆಳಗಿನಿಂದ ಅವಳ ಪೇಷಂಟುಗಳಿಗೆಲ್ಲ ಬಿಸಿ ಇಡ್ಲಿ. ಕಣ್ಣು ಬಿಟ್ಟರೆ ಬೇಲಾಪುರ ದಾಟಿ ಕೊನೆಯ ಸ್ಟೇಷನ್ ಪನ್ವೇಲ್. ಮಗಳು ಕಿವಿಗೆ ಹಾಡು ತುರುಕಿಕೊಂಡು ನನಗಿಂತ ಗಾಢವಾಗಿ ಮಲಗಿದ್ದಳು.

ತಿರುಗಿ ಬಂದು ಕಾಲೇಜು ಸೇರಿದೆವು. ಗಾಜಿನ ಕಟ್ಟಡ, ಒಳಗೆ ಎಸಿ. ಮಗಳು ಐಸಿಯು ನೋಡಲು ಹೋದಳು, ನಾನು ಕ್ಯಾಂಟೀನಿಗೆ. ಯಾವ ಸಂಸ್ಥೆಯನ್ನಾದರೂ ಕೈ ತೊಳೆಯುವ ಜಾಗ ನೋಡಿ, ಸಾಂಬಾರ್ ರುಚಿ ನೋಡಿ ಅಳೆಯುವುದು ನಮ್ಮ ಹೋಟೆಲಿನವರ ಕ್ರಮ. ಇಲ್ಲಿ ಎರಡೂ ಫಸ್ಟ್ ಕ್ಲಾಸ್. ನೇರ ಆಫೀಸಿಗೆ ಹೋಗಿ ಕ್ಲರ್ಕನ್ನು ಕೇಳಿದೆ:

"ಒಟ್ಟಿಗೆ ಕಟ್ಟಿದರೆ ಎಷ್ಟು ಬಿಡುತ್ತೀರಿ?"

"ಅಂಕಲ್, ಫಿಕ್ಸ್ ರೇಟ್."

"ಇಬ್ಬರನ್ನು ಸೇರಿಸಿದರೆ?"

"ಇನ್ನೊಬ್ಬರು ಯಾರು?"

"ನನ್ನ ಹೆಂಡತಿ. ಮದುವೆಯಾದಾಗಿನಿಂದ ನನ್ನನ್ನು ನೋಡಿಕೊಂಡದ್ದೇ ಅವಳ ಕೆಲಸ."

ಅವನು ಕಂಪ್ಯೂಟರಿನಿಂದ ಕಣ್ಣೆತ್ತದೆ ಹೇಳಿದ: "ಐಸಿಯು ಅನುಭವದ ಸರ್ಟಿಫಿಕೇಟ್ ಬೇಕಾಗುತ್ತದೆ. ನೀವು ಅಷ್ಟು ಸೀರಿಯಸ್ ಆಗಿದ್ದಿರಾ?"

ಕಲ್ಯಾಣ

ಎರಡನೆಯದು ಕಲ್ಯಾಣದಾಚೆ, ಹಳೇ ಆಸ್ಪತ್ರೆಗೆ ಅಂಟಿಕೊಂಡ ಕಾಲೇಜು. ಕ್ಯಾಂಟೀನಿನ ಸಾಂಬಾರಿನಲ್ಲಿ ಬೇಳೆ ಹುಡುಕಲು ದುರ್ಬೀನು ಬೇಕು. ಚಹಾವಂತೂ ಲೋಟ ತೊಳೆದ ನೀರು.

"ಬೇಲಾಪುರಕ್ಕೇ ಕಟ್ಟುವ," ಎಂದೆ.

"ಪಪ್ಪಾ, ಅಲ್ಲಿ ಮೊದಲ ವರ್ಷವೆಲ್ಲ ನೋಡುವುದಷ್ಟೇ. ಇಲ್ಲಿ ಮೊದಲ ದಿನದಿಂದ ಕೈ ಹಾಕಿ ಕಲಿಯಬಹುದು. ನಾನು ತಿನ್ನಲು ಹೋಗುವುದಾ, ಕಲಿಯಲು ಹೋಗುವುದಾ?"

"ತಿನ್ನದವಳು ಎಂತ ಕಲಿಯುತ್ತಾಳೆ?"

ಠಾಣೆಯವರೆಗೂ ಅವಳು ಕಿವಿಗೆ ಹಾಡು ತುರುಕಿಕೊಂಡೇ ಬಂದಳು.

ಗಿರಾಕಿಯ ವೇಷ

ಎದುರಿನ ಬೀದಿಯಲ್ಲಿ ಹೊಸ ಹೋಟೆಲ್ ಬಂದರೆ ನಾವು ಹಳೇ ಅಂಗಿ ಹಾಕಿಕೊಂಡು ಗಿರಾಕಿಯ ಹಾಗೆ ಹೋಗಿ ತಿಂದು ಬರುತ್ತೇವೆ. ಶುಕ್ರವಾರ ಅದನ್ನೇ ಮಾಡಿದೆ. ಒಬ್ಬನೇ ಕಲ್ಯಾಣಕ್ಕೆ ಹೋಗಿ, ಎಮರ್ಜೆನ್ಸಿ ವಾರ್ಡಿನ ಬಾಗಿಲಲ್ಲಿ ಎದೆ ಹಿಡಿದು ನಿಂತೆ. "ಏನೋ ಒಂಥರಾ ಆಗ್ತಾ ಉಂಟು."

ಮಗಳ ಪ್ರಾಯದ ಹುಡುಗಿಯೊಬ್ಬಳು ಬಂದು ಕೂರಿಸಿದಳು, ಆ ಕೋರ್ಸಿನ ವಿದ್ಯಾರ್ಥಿನಿ. ಬಿಪಿ ನೋಡಿದಳು. ಪಟ್ಟಿ ಬಿಚ್ಚಿ ಇನ್ನೊಂದು ತೋಳಿಗೆ ಕಟ್ಟಿ ಮತ್ತೆ ನೋಡಿದಳು. ಮುಖದಲ್ಲಿ ಏನೂ ತೋರಿಸಲಿಲ್ಲ. ಒಳ್ಳೇ ವ್ಯಾಪಾರಿ ಅಂದುಕೊಂಡೆ.

"ಕಾಕಾ, ಮಲಗಿ."

"ಬೇಡಮ್ಮ, ನಾನು ಸುಮ್ಮನೆ ನೋಡಲು ಬಂದದ್ದು."

"ಮಲಗಿಕೊಂಡೇ ನೋಡಿ."

ಎದೆಗೆ ವಯರು ಅಂಟಿಸಿದಳು, ಡಾಕ್ಟರಿಗೆ ಫೋನಿನಲ್ಲಿ ನನ್ನ ಇಡೀ ವಿಷಯವನ್ನು ಒಂದೇ ಉಸಿರಿಗೆ ಒಪ್ಪಿಸಿದಳು, ಅವರು ಬರುವಷ್ಟರಲ್ಲಿ ಎಲ್ಲ ಸಿದ್ಧ ಮಾಡಿಟ್ಟಿದ್ದಳು. ಹೃದಯಕ್ಕೆ ಏನೂ ಆಗಿಲ್ಲವಂತೆ, ಬಿಪಿ ಮಾತ್ರ ಆಕಾಶದಲ್ಲಿ. ಮಾತ್ರೆ ಕೊಟ್ಟು ಮಲಗಿಸಿದರು. ನಿಧಾನ ಫ್ಯಾನಿನ ಕೆಳಗೆ ನಮ್ಮ ಹೋಟೆಲಿನ ಮಧ್ಯಾಹ್ನದ ಹಾಗೇ ಕಣ್ಣು ಎಳೆಯಿತು. ಡೊಂಬಿವಲಿಯ ಬಿಳಿ ಟೈಲ್ಸು ಮತ್ತೆ ಬಂತು, ಬೋರ್ಡು ಬಂತು, ಹಬೆ ಬಂತು. ಹಬೆಯೊಳಗಿಂದ ಮಗಳೂ ಬಂದಳು. ಅವಳು ಮಾತ್ರ ನಿಜದವಳು. ಆಸ್ಪತ್ರೆಯವರು ಫೋನ್ ಮಾಡಿ ಕರೆಸಿದ್ದರು.

ನನ್ನನ್ನು ಮಾತಾಡಿಸುವ ಮೊದಲು ಅವಳು ಮಾನಿಟರ್ ನೋಡಿದಳು. ಆ ಹುಡುಗಿಯೂ ಅವಳೂ ನನ್ನ ಮೈಮೇಲಿಂದಲೇ ಬಿಪಿಯ ಲೆಕ್ಕ ಮಾತಾಡಿಕೊಂಡರು, ಮಂಡಿಯಲ್ಲಿ ಮೂಟೆಯ ಮೇಲಿಂದ ದರ ಮಾತಾಡಿದ ಹಾಗೆ. ಆಮೇಲೆ ಮಗಳು ನನ್ನ ಕೈ ಹಿಡಿದಳು.

"ಇಲ್ಲಿಗೆ ಯಾಕೆ ಬಂದಿರಿ ಪಪ್ಪಾ?"

"ನಿನ್ನ ಸೀಟು ನೋಡಲು."

"ಸಿಕ್ಕಿತಾ?"

"ಬೆಡ್ ಸಿಕ್ಕಿತು. ನಾಳೆ ಇಲ್ಲಿಗೇ ಕಟ್ಟಿಬಿಡು."

ಬಿಡುಗಡೆಯಾಗುವಾಗ ಅಲ್ಲಿನ ಮುಖ್ಯಸ್ಥೆ ಬಂದು, "ಏನಾದರೂ ದೂರು ಉಂಟಾ?" ಎಂದು ಕೇಳಿದರು. ಸಾಂಬಾರಿನಿಂದ ಶುರು ಮಾಡಿ ಚಹಾದವರೆಗೆ ಹೇಳಿದೆ. ಮರುವರ್ಷ ಕ್ಯಾಂಟೀನಿಗೆ ಟೆಂಡರ್ ಕರೆದಾಗ ಅವರೇ ಫೋನ್ ಮಾಡಿದರು.

ಇನ್ನು ಲೆಕ್ಕ. ಹೋದದ್ದು ನಾಲ್ಕು ಲಕ್ಷ ಮತ್ತು ಡೊಂಬಿವಲಿಯ ಹೋಟೆಲ್. ಬಂದದ್ದು ಮಗಳಿಗೆ ಸೀಟು, ನನಗೆ ದಿನಕ್ಕೊಂದು ಮಾತ್ರೆ, ಜೊತೆಗೆ ಕಲ್ಯಾಣದ ಆ ಕ್ಯಾಂಟೀನು. ಅಲ್ಲಿ ಈಗ ಬೇಳೆ ನನ್ನದು, ಹುಳಿ ನನ್ನದು, ಗಲ್ಲಾ ನನ್ನದು. ಉಪ್ಪು ಮಾತ್ರ ಮಗಳು ಹೇಳಿದಷ್ಟು.