ಮಾವನ ಕಾರಿನ ಮುಳ್ಳು

ಶನಿವಾರ ಸಂಜೆ ಆರೂ ಕಾಲಿಗೆ, ಸಿದ್ಧಕಟ್ಟೆ ದಾಟಿದ ಮೇಲೆ ಒಂದು ತಿರುವಿನಲ್ಲಿ, ಮುಂದಿನ ಸೀಟಿನಲ್ಲಿದ್ದ ನನ್ನ ಅತ್ತೆ "ಸದು, ಮುಳ್ಳು ಮಲಗಿತು ನೋಡು" ಎಂದರು. ಸದು ಎಂದರೆ ಸದಾನಂದ, ನನ್ನ ಗಂಡ. ವೇಣೂರಿನ ಚಿಕ್ಕತ್ತೆಯ ಮನೆಯಿಂದ ಬಂಟ್ವಾಳಕ್ಕೆ ಮರಳುತ್ತಿದ್ದೆವು. ಗಂಟೆ ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಕಾರಣ, ಕುಚ್ಚಲಕ್ಕಿ ಬೇಯುವುದು ಎಷ್ಟು ಹೊತ್ತಿಗೋ ಎಂದು ನಾನು ಆಗಷ್ಟೇ ಗಡಿಯಾರ ನೋಡಿದ್ದೆ. ಅಪಾಯ ಬರುವ ಮೊದಲು ಎದೆ ಹೊಡೆದುಕೊಳ್ಳುತ್ತದೆ, ಎಡಗಣ್ಣು ಅದುರುತ್ತದೆ ಎಂದೆಲ್ಲ ಹೇಳುವವರಿದ್ದಾರೆ. ನನಗೆ ಅಂಥದ್ದೇನೂ ಆಗಲಿಲ್ಲ. ನಾನು ರಾತ್ರಿಗೆ ಸಾರೋ ಗಂಜಿಯೋ ಎಂದು ಯೋಚಿಸುತ್ತಿದ್ದೆ, ಅಷ್ಟೆ.

ಕಾರು ತೀರಿಹೋದ ನನ್ನ ಮಾವನದು. ದುಂಡು ಮೂತಿ, ಸೋಫಾದಂಥ ಸೀಟು. ಮುಂದಿನ ಎಡಬದಿಯ ಬಾಗಿಲಿನ ಒಳಗಿನ ಹಿಡಿ ಮುರಿದು ಎಷ್ಟು ಕಾಲವಾಗಿತ್ತೋ. ಅದು ಹೊರಗಿನಿಂದ ಮಾತ್ರ ತೆರೆಯುತ್ತಿತ್ತು. ಅತ್ತೆಗೆ ಅದು ಕೊರತೆಯಾಗಿ ಕಂಡದ್ದೇ ಇಲ್ಲ. ಕಾರು ನಿಂತ ಕೂಡಲೇ ಮಗ ಸುತ್ತಿ ಬಂದು ಬಾಗಿಲು ತೆಗೆಯಬೇಕು, ಅವರು ಸೆರಗು ಸರಿಮಾಡಿಕೊಂಡು ಇಳಿಯಬೇಕು. ಮದುವೆಮನೆಗಳಲ್ಲಿ ಅದನ್ನು ಕಂಡ ಹೆಂಗಸರು "ನಿಮ್ಮ ಮಗನ ಮರ್ಯಾದೆ ನೋಡಿ" ಎನ್ನುತ್ತಿದ್ದರು. ಅತ್ತೆ ಹಿಡಿಯ ವಿಷಯ ಎತ್ತುತ್ತಿರಲಿಲ್ಲ. ಮಾವ ಹೊರಡುವ ಮೊದಲು ಡ್ಯಾಶ್‌ಬೋರ್ಡಿನಲ್ಲಿ ಕರೆಂಟು ತೋರಿಸುವ ಆಮ್ಮೀಟರನ್ನು ನೋಡಿ "ಮುಳ್ಳು ನಡುವಲ್ಲಿ ಉಂಟು, ಹೋಗುವ" ಎನ್ನುತ್ತಿದ್ದರಂತೆ. ಈಗ ಆ ಮಾತು ಅತ್ತೆಯದು. ಅವರು "ಮುಳ್ಳು ನಡುವಲ್ಲಿ ಉಂಟಾ?" ಎಂದು ಕೇಳದೆ ನಮ್ಮ ಕಾರು ಅಂಗಳ ಬಿಟ್ಟದ್ದಿಲ್ಲ.

ಹಳೇ ಕಾರಿನವರದ್ದೊಂದು ವಾಟ್ಸಾಪ್ ಗುಂಪಿದೆ. ಆಮ್ಮೀಟರ್ ಇರುವ ಕಾರಿನಲ್ಲಿ ಕರೆಂಟೆಲ್ಲ ಡ್ಯಾಶ್‌ಬೋರ್ಡಿನ ಹಿಂದೆ ಬಂದು ಹೋಗುತ್ತದೆ, ಒಂದು ತಂತಿ ಸಡಿಲವಾದರೆ ಬೆಂಕಿ, ಆದ್ದರಿಂದ ವೋಲ್ಟ್‌ಮೀಟರಿಗೆ ಬದಲಿಸಿಕೊಳ್ಳಿ ಎಂದು ಅದರಲ್ಲಿ ಯಾರೋ ಬರೆದಿದ್ದರು. ಅದನ್ನು ಓದಿ ನಮ್ಮ ಇವರು ಹೆದರಿದರು. ನಾವು ಮಾಡಿದ್ದೆಲ್ಲ ಸುರಕ್ಷತೆಗಾಗಿಯೇ ಎಂಬುದನ್ನು ಓದುಗರು ಮರೆಯಬಾರದು. ಉಜಿರೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ ನಾನು ಅಂಗಳದ ಸಿಮೆಂಟಿನ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆದು ಪಾಠ ಮಾಡಿದೆ. ಆಮ್ಮೀಟರ್ ಎಂದರೆ ಟೋಲ್‌ಗೇಟ್, ಎಲ್ಲರೂ ಅದರೊಳಗಿಂದಲೇ ಹೋಗಬೇಕು. ವೋಲ್ಟ್‌ಮೀಟರ್ ಎಂದರೆ ಜಗಲಿಯಲ್ಲಿ ಕೂತು ದಾರಿ ನೋಡುವ ಅಜ್ಜ, ಅವನಿಗೆ ಸಪೂರದ ತಂತಿ ಸಾಕು. ಹಾಗಾಗಿ ಆಮ್ಮೀಟರಿನ ಎರಡು ದಪ್ಪ ತಂತಿಗಳನ್ನು ಬಿಚ್ಚಿ ಒಂದಕ್ಕೊಂದು ಸೇರಿಸಿ ನಟ್ಟು ಬಿಗಿದು, ಮೇಲೆ ಚೆನ್ನಾಗಿ ಸುತ್ತಬೇಕು. ಚಿತ್ರದಲ್ಲಿ ಒಂದೇ ಒಂದು ತಪ್ಪಿರಲಿಲ್ಲ. ಚಿತ್ರದಲ್ಲಿ ತಂತಿಗಳು ಸೇರುವಲ್ಲಿ ಒಂದು ಚುಕ್ಕೆ ಇರುತ್ತದೆ, ಆ ಚುಕ್ಕೆ ಎಂದೂ ಸಡಿಲವಾಗುವುದಿಲ್ಲ.

ಇವರು ಹಳೆಯ ಮೀಟರಿನ ಮುಖವನ್ನೇ ಉಳಿಸಿ, ಅದರ ಹಿಂದೆ ಹೊಸ ಮೀಟರಿನ ಹೊಟ್ಟೆ ಕೂರಿಸಿದರು. ಅಪ್ಪ ನೋಡುತ್ತಿದ್ದ ಮುಖ ಬದಲಾಗಬಾರದಂತೆ. ತಂತಿ ಸುತ್ತುವ ಹೊತ್ತಿಗೆ ಟೇಪು ಮುಗಿಯಿತು. "ಬಿ.ಸಿ.ರೋಡಿಗೆ ಹೋಗಿ ತರ್ತೇನೆ" ಎಂದು ಇವರು ಎದ್ದರು. ಅತ್ತೆ ಬಿಡಬೇಕಲ್ಲ! "ಒಂದು ತುಂಡು ಟೇಪಿಗೆ ಅಷ್ಟು ದೂರ ಹೋಗುವುದಾ ಮಾರಾಯ? ಇಲ್ಲಿ ಕೊಡು" ಎಂದು, ಅಂಗಡಿಯಿಂದ ಸಾಮಾನು ತಂದಿದ್ದ ದಪ್ಪ ಪ್ಲಾಸ್ಟಿಕ್ ತೊಟ್ಟೆಯೊಂದನ್ನು ಮಡಚಿ ಸುತ್ತಿ, ಬೀಡಿ ಕಟ್ಟುವ ನೂಲಿನಿಂದ ಬಿಗಿದರು. ಅರ್ಧ ಆಯುಷ್ಯ ಬೀಡಿ ಕಟ್ಟಿದ ಕೈ ಅದು. "ನನ್ನ ಗಂಟು ಬಿಟ್ಟದ್ದುಂಟಾ?" ಎಂದರು. ಇರಲಿಲ್ಲ. ನಾವು ಒಪ್ಪಿದೆವು. ಆ ಗಡಿಬಿಡಿಯಲ್ಲಿ ಒಳಗಿನ ನಟ್ಟನ್ನು ಇನ್ನೊಂದು ಸುತ್ತು ಬಿಗಿಯುವುದು ಇವರಿಗೆ ಮರೆತುಹೋಯಿತು.

ಆ ಶನಿವಾರ ಸಡಿಲ ನಟ್ಟು ಕಾದಿತು, ಪ್ಲಾಸ್ಟಿಕ್ ಕರಗಿತು, ಬರಿಯ ತಂತಿ ಡ್ಯಾಶ್‌ಬೋರ್ಡಿನ ಹಿಂದಿನ ಕಬ್ಬಿಣಕ್ಕೆ ತಾಗಿತು. ಇದೆಲ್ಲ ಆಮೇಲೆ ತಿಳಿದದ್ದು. ಆ ಹೊತ್ತಿನಲ್ಲಿ ತಿಳಿದದ್ದು, ಅತ್ತೆ ಮುಳ್ಳಿನ ಮಾತಾಡಿದರು ಮತ್ತು ಅವರ ಮೊಣಕಾಲಿನ ಮೇಲೆ ಹೊಗೆ ಇಳಿಯಿತು ಎಂಬುದಷ್ಟೆ. ಇವರು ಕಾರು ಬದಿಗೆ ಹಾಕಿ ಕೀಲಿ ತಿರುಗಿಸಿದರು. ಇಂಜಿನ್ ನಿಂತಿತು, ಹೊಗೆ ನಿಲ್ಲಲಿಲ್ಲ. ಬ್ಯಾಟರಿಯಿಂದ ನೇರ ಬರುವ ಆ ತಂತಿಗೂ ಕೀಲಿಗೂ ಸಂಬಂಧವೇ ಇರಲಿಲ್ಲ. ಅದನ್ನೂ ನಾನೇ ಚಿತ್ರದಲ್ಲಿ ತೋರಿಸಿದ್ದೆ. "ಅಮ್ಮನನ್ನು ಇಳಿಸು!" ಎಂದು ಕೂಗಿ ಇವರು ಬಾನೆಟ್ಟಿಗೆ ಓಡಿದರು. ನಾನು ಹಿಂದಿನಿಂದ ಇಳಿದು ಸುತ್ತಿ ಬಂದೆ. ಮದುವೆಯಾದಂದಿನಿಂದ ಆ ಬಾಗಿಲನ್ನು ನಾನು ಒಮ್ಮೆಯೂ ತೆರೆದವಳಲ್ಲ. ಹಿಡಿಯನ್ನು ಕೆಳಗೆ ಒತ್ತಿದೆ. ಎಳೆದೆ. ಮತ್ತೆ ಒತ್ತಿದೆ. ಗಾಜಿನಾಚೆ ಅತ್ತೆಯ ಮುಖ ಹೊಗೆಯಲ್ಲಿ ಮಾಸುತ್ತಿತ್ತು. ಅವರು ಕೆಮ್ಮುತ್ತ ಕೈಯಿಂದ ಮೇಲಕ್ಕೆ, ಮೇಲಕ್ಕೆ ಎಂದು ತೋರಿಸುತ್ತಿದ್ದರು. ದೇವರನ್ನು ತೋರಿಸುತ್ತಿದ್ದಾರೆಂದು ನಾನು ತಿಳಿದೆ. ಕೊನೆಗೆ ಕೈ ತಾನಾಗಿಯೇ ಹಿಡಿಯನ್ನು ಮೇಲೆತ್ತಿತು, ಬಾಗಿಲು ತೆರೆಯಿತು.

ಹೊರಗೆಳೆದು ಹುಲ್ಲಿನ ಮೇಲೆ ಕೂರಿಸಿದಾಗ ಅವರಾಡಿದ ಮೊದಲ ಮಾತು: "ನೀನ್ಯಾಕೆ ತೆಗೆದದ್ದು? ಅವನಿಲ್ವಾ?" ಅವನಿದ್ದ. ಬಾನೆಟ್ಟಿನೊಳಗೆ ತಲೆ ಹಾಕಿ ಬ್ಯಾಟರಿಯ ತಂತಿಯನ್ನು ಬರಿಗೈಯಲ್ಲಿ ಕಿತ್ತಿದ್ದ. ಬಿಗಿಯಾಗಿದ್ದರೆ ಅದು ಬರಿಗೈಗೆ ಬರುವಂಥದ್ದಲ್ಲ. "ಬ್ಯಾಟರಿಯ ಕ್ಲ್ಯಾಂಪ್ ಅಲ್ಲಾಡ್ತದೆ, ಬಿಗಿ ಮಾಡಿ" ಎಂದು ನಾನು ಆರು ತಿಂಗಳಿಂದ ಬೈಯುತ್ತಿದ್ದೆ. "ಮಾಡುವ, ಮಾಡುವ" ಎಂದು ಇವರು ಮಾಡಿರಲಿಲ್ಲ. ಒಂದು ಸಡಿಲ ನಟ್ಟು ಸುಟ್ಟದ್ದನ್ನು ಇನ್ನೊಂದು ಸಡಿಲ ನಟ್ಟು ಉಳಿಸಿತು. ಇದರಿಂದ ಯಾವ ನೀತಿ ಕಲಿಯಬೇಕೆಂದು ನನಗೆ ಇನ್ನೂ ಗೊತ್ತಾಗಿಲ್ಲ. ಇವರಿಗೆ ಗೊತ್ತಾಗಿದೆ, ಈಗ ನಾನು ಬೈದರೆ ಸುಮ್ಮನೆ ನನ್ನ ಮುಖ ನೋಡುತ್ತಾರೆ.

ಕಾರನ್ನು ಎಳೆಸಿ ಮನೆಗೆ ತಂದು ನೋಡಿದರೆ, ಕರಗಿ ಮುದ್ದೆಯಾದ ಪ್ಲಾಸ್ಟಿಕ್ಕಿನಲ್ಲಿ ಕರಿಯಾದ ನೂಲಿನ ಗಂಟು ಹಾಗೇ ಇತ್ತು. ಅತ್ತೆ ಅದನ್ನು ಅಂಗೈಯಲ್ಲಿಟ್ಟು ನೋಡಿ, "ಬಿಡ್ಲಿಲ್ಲ ಅಲ್ವಾ?" ಎಂದು ಆ ರಾತ್ರಿಯೇ ಗೊರಕೆ ಹೊಡೆದು ಮಲಗಿದರು. ಮಲಗದವರು ನಾವಿಬ್ಬರು. ಕಣ್ಣು ಮುಚ್ಚಿದರೆ ನನ್ನ ಕೈ ಹಿಡಿಯನ್ನು ಕೆಳಗೇ ಒತ್ತುತ್ತದೆ, ಬಾಗಿಲು ತೆರೆಯುವುದಿಲ್ಲ. ಇವರು ಎದ್ದು ಹೋಗಿ ಕಾರನ್ನು ಮೂಸಿ ಬರುತ್ತಾರೆ. ಇವರ ಮೂಗಿನ ಮೇಲೆ ನಂಬಿಕೆಯಿಲ್ಲದೆ ಹಿಂದಿನಿಂದಲೇ ನಾನೂ. ಮೂಡುಬಿದಿರೆಯ ಎಲೆಕ್ಟ್ರಿಷಿಯನ್ ಹೊಸ ತಂತಿ ಎಳೆದು, ಫ್ಯೂಸು ಹಾಕಿ, ಬ್ಯಾಟರಿಗೆ ಕೀಲಿ ತೆಗೆದರೆ ಕರೆಂಟೆಲ್ಲ ನಿಲ್ಲುವ ಮೈನ್ ಸ್ವಿಚ್ಚೊಂದನ್ನು ಕೂರಿಸಿದ ಮೇಲೂ ಮೂಸುವುದು ನಿಲ್ಲಲಿಲ್ಲ. ಎಡಬಾಗಿಲಿಗೆ ಒಳಹಿಡಿಯೂ ಬಂತು. ಅತ್ತೆ ಅದನ್ನು ಮುಟ್ಟುವುದಿಲ್ಲ, ಕಾರು ನಿಂತರೆ ಮಗ ಬರುವವರೆಗೆ ಕೂತೇ ಇರುತ್ತಾರೆ. ಮಗ ತಡಮಾಡಿದರೆ ನಾನೇ ಓಡಿ ಹೋಗಿ ಹಿಡಿ ಮೇಲೆತ್ತುತ್ತೇನೆ.

ಕಡೆಗೆ ಮೊನ್ನೆ ಮಂಗಳವಾರ ಅತ್ತೆ ರೇಗಿದರು. "ರಾತ್ರಿ ಇಡೀ ಬಾಗಿಲು ಕಿರ್ ಕಿರ್. ನನಗೆ ನಿದ್ದೆ ಇಲ್ಲ. ಆ ಸ್ವಿಚ್ಚಿನ ಕೀಲಿ ಇಲ್ಲಿ ಕೊಡಿ" ಎಂದು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮಲಗಿದರು. ಅವರ ಗಂಟು. ನಾನು ಕಣ್ಣು ತೆರೆದಾಗ ಬೆಳಕು ಹರಿದಿತ್ತು, ಹಾಲಿನವನು ಬಂದು ಹೋಗಿದ್ದ, ಇವರು ಪಕ್ಕದಲ್ಲಿ ಬಾಯಿ ತೆರೆದು ನಿದ್ರಿಸುತ್ತಿದ್ದರು. ಅಷ್ಟು ದಿನಗಳ ನಂತರ ಇಬ್ಬರೂ ಇಡೀ ರಾತ್ರಿ ಮಲಗಿದ್ದೆವು. ನಾನು ಗಾಬರಿಯಿಂದ ಇವರನ್ನು ಅಲುಗಾಡಿಸಿ ಎಬ್ಬಿಸಿದೆ. "ಏಳಿ, ಏಳಿ! ರಾತ್ರಿ ಇಡೀ ಯಾರೂ ಕಾರು ನೋಡ್ಲೇ ಇಲ್ಲ!"