ಚಾಕೊಲೇಟಿಲ್ಲದ ದೆವ್ವಗಳೂ ನನ್ನ ಕುಂಬಳಕಾಯಿಯೂ

ಈ ಪ್ರಪಂಚದಲ್ಲಿ ಕೈಗಡ ಕೊಟ್ಟರೆ ವಾಪಸ್ಸು ಬಾರದ ವಸ್ತುಗಳು ಎರಡು. ಒಂದು ಕೊಡೆ, ಇನ್ನೊಂದು ಡ್ರಾಯಿಂಗ್ ಪೀರಿಯಡ್ಡು. ಕೊಡೆಯ ವಿಷಯ ನಿಮಗೂ ಗೊತ್ತಿರುತ್ತದೆ. ಪೀರಿಯಡ್ಡಿನ ವಿಷಯ ನನ್ನನ್ನು ಕೇಳಿ. ಚನ್ನಪಟ್ಟಣದ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು. ನಾನು ಬಳಪ ಹಿಡಿದು ಬೋರ್ಡಿನ ಮೇಲೆ ಹೂಜಿಯ ಅರ್ಧ ಬರೆಯುವಷ್ಟರಲ್ಲಿ ಗಣಿತದ ಮೇಷ್ಟ್ರು ಬಾಗಿಲಲ್ಲಿ ಪ್ರತ್ಯಕ್ಷರಾಗುತ್ತಿದ್ದರು. ದಪ್ಪ ಮೀಸೆ, ಅದರ ಕೆಳಗೆ ಮೇಲ್ಸಾಲಿನ ಎರಡೇ ಎರಡು ಹಲ್ಲು ಕಾಣುವಂಥ ನಗೆ. "ಪೋರ್ಷನ್ ಮುಗ್ದಿಲ್ಲ ಸಾರ್, ನಿಮ್ ಪೀರಿಯಡ್ ಒಸಿ ಕೊಡಿ" ಎನ್ನುತ್ತಿದ್ದರು. ಕೊಡುತ್ತಿದ್ದೆ. ಹೂಜಿಯ ಇನ್ನರ್ಧ ಒಂದು ದಿನವೂ ಪೂರ್ತಿಯಾಗಲಿಲ್ಲ. ಇಷ್ಟು ವರ್ಷಗಳ ನನ್ನ ಕಲಾಸೇವೆಯಲ್ಲಿ ಇವತ್ತಿಗೂ ಉಳಿದಿರುವುದೆಂದರೆ ಶಾಲೆಯ ಕಾಂಪೌಂಡಿನ ಮೇಲೆ ನಾನು ಬರೆದ 'ಇಲ್ಲಿ ಉಗುಳಬಾರದು' ಎಂಬ ಅಕ್ಷರಗಳು. ಅವುಗಳ ಮೇಲೂ ಜನ ಉಗುಳುತ್ತಾರೆ.

ಹೀಗಿರುವಾಗ ಹೋದ ಅಕ್ಟೋಬರಿನಲ್ಲಿ ನನ್ನ ಸೊಸೆ ಸುಮ ಬಂದು, "ಮಾವ, ನೀವೊಂದು ಮುಖ ಕೆತ್ತಿಕೊಡಬೇಕು" ಎಂದಾಗ ನನಗೆ ಎಷ್ಟು ಸಂತೋಷವಾಗಿರಬೇಕು, ನೀವೇ ಊಹಿಸಿ. ಸುಮ ನಮ್ಮ ಮನೆಯ ಮುಂಭಾಗದ ಎರಡು ಕೋಣೆಗಳಲ್ಲಿ ಪ್ಲೇ ಹೋಮ್ ನಡೆಸುತ್ತಾಳೆ. ಇಪ್ಪತ್ತೆರಡು ಮಕ್ಕಳು, ಎಲ್ಲವೂ ನಾಲ್ಕು ವರ್ಷದೊಳಗಿನವು. ಹ್ಯಾಲೋವೀನ್ ಎಂದರೆ ಮಕ್ಕಳು ದೆವ್ವದ ವೇಷ ಹಾಕಿ ಮನೆಮನೆಗೆ ಹೋಗಿ ಚಾಕೊಲೇಟ್ ಕೇಳುವ, ಕುಂಬಳಕಾಯಿಯಲ್ಲಿ ಮುಖ ಕೆತ್ತಿ ಒಳಗೆ ದೀಪ ಇಡುವ ಪರದೇಶದ ಹಬ್ಬ. ಬೇರೆ ಯಾವುದೋ ಶಾಲೆಯ ಹ್ಯಾಲೋವೀನ್ ಫೋಟೋಗಳನ್ನು ಮೊಬೈಲಿನಲ್ಲಿ ನೋಡಿದ ತಾಯಂದಿರು, ನಮ್ಮಲ್ಲೂ ಆಗಲಿ ಎಂದು ಹಟ ಹಿಡಿದಿದ್ದರು. ಅದೇ ತಾಯಂದಿರು ಹಿಂದಿನ ತಿಂಗಳು ಮಕ್ಕಳ ಬಾಯಿ ತೆರೆಸಿ, ಹುಳುಕು ಹಲ್ಲು ತೋರಿಸಿ, ಹುಟ್ಟುಹಬ್ಬದ ಚಾಕೊಲೇಟ್ ಹಂಚುವುದನ್ನು ನಿಲ್ಲಿಸಿದ್ದರು. ಹೀಗಾಗಿ ಸುಮ ವಾಟ್ಸಾಪ್ ಗುಂಪಿನಲ್ಲಿ, ಹ್ಯಾಲೋವೀನ್ ಉಂಟು, ಚಾಕೊಲೇಟ್ ಇಲ್ಲ ಎಂದು ಘೋಷಿಸಿಬಿಟ್ಟಳು. ಚಾಕೊಲೇಟಿನ ಬದಲು ಒಂದೊಂದು ಮರದ ಬುಗುರಿ. ನಮ್ಮ ಹಿಂದಿನ ಬೀದಿಯಲ್ಲಿ ಆಟದ ಸಾಮಾನು ಮಾಡುವವರ ಮಗಳು ಆಯಿಷಾ ಸುಮಳ ಶಿಷ್ಯೆ. ಅವರಪ್ಪನೇ ಬುಗುರಿ ಮಾಡಿಕೊಡುವುದೆಂದು ಗೊತ್ತಾಯಿತು.

ದಸರೆಯಲ್ಲಿ "ಬೊಂಬೆ ಕೂರ್ಸಿದೀರಾ?" ಎಂದು ಮನೆಮನೆಗೆ ನುಗ್ಗಿ ಚಕ್ಕುಲಿ ಈಸಿಕೊಂಡು ಬರುವ ಊರಿನ ಮಕ್ಕಳಿಗೆ ಈ ಹಬ್ಬವನ್ನು ಅರ್ಥ ಮಾಡಿಸುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ನನ್ನ ಹೆಂಡತಿಗೆ. "ಪಿತೃಪಕ್ಷ ಮುಗ್ದು ತಿಂಗ್ಳಾಗೈತೆ ಅಷ್ಟೆ, ಮತ್ತೆ ಯಾರನ್ನ ಕರಿತಾ ಇದೀರಿ?" ಎಂದು ಶುರು ಮಾಡಿದಳು. "ನಮ್ ಹಿರೀಕರಿಗೆ ಎಡೆಲಿ ಕಜ್ಜಾಯ ಇಟ್ಟೆ, ವಡೆ ಇಟ್ಟೆ. ಸತ್ತೋರಿಗೆ ಅಷ್ಟ್ ಕೊಡ್ತೀವಿ, ಬದುಕಿರೋ ಮಕ್ಕಳಿಗೆ ಒಂದ್ ಚಾಕ್ಲೇಟಿಲ್ವಾ?" ನಾನಂತೂ ಆಗಲೇ ಕಲಾವಿದನ ಗಾಂಭೀರ್ಯದಲ್ಲಿ ಮುಳುಗಿದ್ದೆ.

ಒಂದು ಸತ್ಯವನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಈ ಕೆಲಸ ಬಂದದ್ದು ಕಲೆಯ ದೆಸೆಯಿಂದಲ್ಲ ಎಂಬುದು ಎರಡು ದಿನ ಬಿಟ್ಟು ತಿಳಿಯಿತು. ಸುಮ ತಾನೇ ವಿಡಿಯೋ ನೋಡಿಕೊಂಡು ಕೆತ್ತಲು ಹೊರಟಿದ್ದಳಂತೆ. ಹೆಂಗಸರು ಇಡೀ ಕುಂಬಳಕಾಯಿಗೆ ಮಚ್ಚು ಹಾಕಬಾರದು, ಮೊದಲ ಏಟು ಗಂಡಸಿನದೇ ಆಗಬೇಕು ಎಂದು ನನ್ನ ಹೆಂಡತಿ ತಡೆದಳಂತೆ. ಮಗ ಬಿಡದಿಯ ಕಾರ್ಖಾನೆಯಲ್ಲಿ ಶಿಫ್ಟಿಗೆ ಹೋಗಿದ್ದ. ಮನೆಯಲ್ಲಿ ಉಳಿದ ಗಂಡಸು ನಾನೊಬ್ಬನೇ. ಇರಲಿ, ಯಾವ ಬಾಗಿಲಿನಿಂದ ಕರೆದರೇನು, ಅಂತೂ ಕರೆದರಲ್ಲ ಎಂದುಕೊಂಡೆ.

ಮಾರ್ಕೆಟ್ಟಿಗೆ ಹೋದೆ. ಸಿಹಿಗುಂಬಳ ಹೋಳು ಮಾಡಿದ್ದು ಮಾತ್ರ ಇತ್ತು. "ಇಡೀ ಕಾಯಿ ಬೇಕು ಅಂದ್ರೆ ಇವೇ ಅವೆ, ತಕ್ಕೊಳಿ" ಎಂದು ಅಂಗಡಿಯವನು ಆಯುಧಪೂಜೆಯಲ್ಲಿ ಮಿಕ್ಕಿದ ಐದು ಬೂದುಗುಂಬಳ ತೋರಿಸಿದ. ಹ್ಯಾಲೋವೀನಿಗೆ ಕಿತ್ತಳೆ ಬಣ್ಣದ್ದೇ ಆಗಬೇಕು. ಬಣ್ಣ ನಾನು ಹಚ್ಚುವುದಿಲ್ಲವೇ? ಒಂದನ್ನು ತಂದೆ. ಬೂದಿ ಉಜ್ಜಿ ತೊಳೆದು ಪೋಸ್ಟರ್ ಕಲರ್ ಬಳಿದರೆ ಬೆಳಗಾಗುವಷ್ಟರಲ್ಲಿ ಅರ್ಧ ಉದುರಿತ್ತು. ಮತ್ತೆ ಬಳಿದೆ. ಒಳಗಿನ ತಿರುಳನ್ನು ಹೆಂಡತಿ ಮಜ್ಜಿಗೆ ಹುಳಿ ಮಾಡಿದಳು, ಮೂರು ದಿನ ಅದನ್ನೇ ಉಂಡೆವು. ಮುಖ ಯಾರದ್ದಿರಬೇಕೆಂಬ ಪ್ರಶ್ನೆ ಬಂತು. ಭಯ ಎಂದು ಕಣ್ಣು ಮುಚ್ಚಿದರೆ ನನಗೆ ಕಾಣುವ ಮುಖ ಒಂದೇ. ದಪ್ಪ ಮೀಸೆ ಕೆತ್ತಿದೆ. ಮೇಲ್ಸಾಲಿನಲ್ಲಿ ಎರಡು ಹಲ್ಲು ಉಳಿಸಿದೆ. ಮುಗಿಸಿ ದೂರ ನಿಂತು ನೋಡಿದಾಗ, ಈಗ ಪೀರಿಯಡ್ ಕೇಳುತ್ತದೇನೋ ಎನ್ನಿಸಿತು. ಜೀವಮಾನದಲ್ಲಿ ನಾನು ಪೂರ್ತಿ ಮುಗಿಸಿದ ಮೊದಲ ಕೃತಿ ಅದು. ಸಂಜೆ ಇಪ್ಪತ್ತೆರಡು ಮನೆಯವರು ಅದನ್ನು ನೋಡಲಿದ್ದರು.

ಹ್ಯಾಲೋವೀನ್ ದಿನ ಮಧ್ಯಾಹ್ನ ಸಣ್ಣಪುಟ್ಟ ವಿಘ್ನಗಳಾದವು. ಬಾಯಿಗೆ ಬಳಿಯಬೇಕೆಂದಿದ್ದ ಕೆಂಪು ಬಣ್ಣ ಡಬ್ಬಿಯಲ್ಲೇ ಒಣಗಿತ್ತು. ದೇವರ ಮನೆಯಿಂದ ಕುಂಕುಮ ತಂದು ಬಳಿದೆ. ಸುಮ ತರಿಸಿದ್ದ ಬ್ಯಾಟರಿ ದೀಪ ಎರಡು ಸಲ ಕಣ್ಣು ಮಿಟುಕಿಸಿ ಸುಮ್ಮನಾಯಿತು. ಹೆಂಡತಿಯೇ ಕನಿಕರಪಟ್ಟು ಎರಡು ಬಿಲ್ಲೆ ಕರ್ಪೂರ ಕೊಟ್ಟಳು. ತಾಯಂದಿರು ಬಂದ ಕೂಡಲೇ ಎದುರಿಗೆ ಕಾಣಲಿ ಎಂದು ಕಾಯಿಯನ್ನು ಗೇಟಿನ ಬಳಿ, ಮಕ್ಕಳ ವ್ಯಾನು ನಿಲ್ಲುವ ಜಾಗದಲ್ಲಿ ಇಟ್ಟು, ಕರ್ಪೂರ ಹಚ್ಚಿ, ಶರಟು ಬದಲಿಸಲು ಒಳಗೆ ಹೋದೆ. ಫೋಟೋ ತೆಗೆಯುತ್ತಾರಲ್ಲ, ಕಲಾವಿದ ಬನಿಯನ್ನಿನಲ್ಲಿ ಇರಬಾರದು.

ವ್ಯಾನಿನ ಪುಟ್ಟಸ್ವಾಮಿ ದೊಡ್ಡಮಳೂರಿನವನು. ವ್ಯಾನನ್ನು ಮಗುವಿಗಿಂತ ಹೆಚ್ಚಾಗಿ ನೋಡಿಕೊಳ್ಳುತ್ತಾನೆ. ಆ ವಾರವಷ್ಟೇ ಅದರ ಬಂಪರ್ ಯಾವುದೋ ಕಂಬಕ್ಕೆ ತಾಗಿ ಕೀರಿತ್ತು. ಅಂದಿನಿಂದ, "ಮೇಡಂ, ಗಾಡಿಗೆ ಯಾರ್ದೋ ಕಣ್ಣು ಬಿದ್ದೈತೆ, ಒಂದ್ ಕಾಯಿ ಒಡಿಸ್ಬುಡಿ" ಎಂದು ಸುಮಳ ಹಿಂದೆ ಬಿದ್ದಿದ್ದ. ಆ ಸಂಜೆ ನಾಲ್ಕಕ್ಕೆ ಅವನು ಬಂದು ನೋಡುತ್ತಾನೆ: ಗೇಟಿನಲ್ಲಿ, ತನ್ನ ವ್ಯಾನಿನ ಮುಂದೆಯೇ, ರಾಕ್ಷಸನ ಮುಖ ಬರೆದು, ಕುಂಕುಮ ಹಾಕಿ, ಕರ್ಪೂರ ಉರಿಯುತ್ತಿರುವ ಬೂದುಗುಂಬಳ. ನಮ್ಮ ಕಡೆ ಹುಟ್ಟಿದ ಯಾವ ಮನುಷ್ಯನಾದರೂ ಏನು ಮಾಡುತ್ತಾನೋ ಅದನ್ನೇ ಪುಟ್ಟಸ್ವಾಮಿ ಮಾಡಿದ. ಚಪ್ಪಲಿ ಬಿಟ್ಟ. ಕಾಯಿ ಎತ್ತಿಕೊಂಡು ವ್ಯಾನಿನ ಸುತ್ತ ಮೂರು ಸುತ್ತು ನೀವಾಳಿಸಿದ. ನಾನು ಗುಂಡಿ ಹಾಕಿಕೊಳ್ಳುತ್ತಾ ಜಗಲಿಗೆ ಬರುವುದಕ್ಕೂ, ಅವನು ತಲೆಯ ಮೇಲಿಂದ ಅದನ್ನು ರಸ್ತೆಗೆ ಅಪ್ಪಳಿಸುವುದಕ್ಕೂ ಸರಿಹೋಯಿತು.

"ಆಯ್ತು ಮೇಷ್ಟ್ರೇ!" ಎಂದು ಕೈ ಕೊಡವಿಕೊಂಡು ನಕ್ಕ. "ನೀವೇ ಎಲ್ಲಾ ರೆಡಿ ಮಾಡಿ ಮಡಗಿದ್ರಿ. ವಯಸ್ಸಾದೋರು, ಎತ್ತಿ ಒಡಿಯಕ್ಕೆ ಸೊಂಟ ಹಿಡ್ಕೊಂಡಾತು ಅಂತ ನಾನೇ ಒಡ್ದ್ಬುಟ್ಟೆ."

ನನಗೆ ನಿಜವಾಗಿಯೂ ಅಳು ಬಂತು. ಮೀಸೆ ಒಂದು ಕಡೆ ಬಿದ್ದಿತ್ತು, ಎರಡು ಹಲ್ಲು ಚರಂಡಿಯ ಅಂಚಿನಲ್ಲಿದ್ದವು. ನನ್ನ ಪಕ್ಕದಲ್ಲಿ ಬಿಳಿ ಪಂಚೆ ಹೊದ್ದ ಇಪ್ಪತ್ತೆರಡು ದೆವ್ವಗಳು ಉಸಿರು ಬಿಗಿಹಿಡಿದು ನಿಂತಿದ್ದವು. ಈಗ ಎಲ್ಲವೂ ಒಟ್ಟಿಗೆ ಅಳುತ್ತವೆ, ಸುಮಳ ಪ್ಲೇ ಹೋಮಿನ ಕಥೆ ಮುಗಿಯಿತು ಎಂದುಕೊಳ್ಳುತ್ತಿದ್ದೆ. ಒಂದು ಪಂಚೆಯ ಒಳಗಿನಿಂದ "ಇನ್ನೊಂದ್ಸಲಾ!" ಎಂಬ ಕೂಗು ಬಂತು. ಆಮೇಲೆ ಇಪ್ಪತ್ತೆರಡೂ ಕುಣಿಯತೊಡಗಿದವು. ಬುಗುರಿಗಳನ್ನು ಕೇಳುವವರಿರಲಿಲ್ಲ. ಚಾಕೊಲೇಟಂತೂ ಯಾರಿಗೂ ನೆನಪಿರಲಿಲ್ಲ.

ವಿಷಯ ತಿಳಿದು ಬೆಪ್ಪಾದ ಪುಟ್ಟಸ್ವಾಮಿ ತಪ್ಪಿಗೆ ಪ್ರಾಯಶ್ಚಿತ್ತವೆಂದು ವ್ಯಾನು ಓಡಿಸಿಕೊಂಡು ಹೋಗಿ ಮಾರ್ಕೆಟ್ಟಿನಲ್ಲಿ ಉಳಿದಿದ್ದ ನಾಲ್ಕು ಕಾಯಿಗಳನ್ನೂ ತಂದ. ನಾನು ಬಣ್ಣದ ಡಬ್ಬಿಗೆ ಕೈ ಹಾಕಿದೆ. ಸುಮ ಗಡಿಯಾರ ನೋಡಿ, "ಮಾವ, ತಾಯಂದಿರು ಬರೋ ಹೊತ್ತಾಯ್ತು. ಮುಖ ಗಿಖ ಬೇಡ, ಹಾಗೇ ಒಡೀಲಿ" ಎಂದಳು. ಆಯಿತು, ಈ ಪೀರಿಯಡ್ಡನ್ನೂ ಕೊಟ್ಟೆ. ಗಣಿತದವರು ಹೋದರು, ವ್ಯಾನಿನವನು ಬಂದ. ಜಗಲಿಯ ಮೂಲೆಯಲ್ಲಿ ಕೂತೆ.

ಮುಖವಿಲ್ಲದ ಮೊದಲ ಕಾಯಿಯನ್ನು ಪುಟ್ಟಸ್ವಾಮಿ ಒಡೆದ. ಮಕ್ಕಳು ನೋಡಿದರು. ಯಾರೂ ಕುಣಿಯಲಿಲ್ಲ. ಒಂದು ದೆವ್ವ ಪಂಚೆ ಎತ್ತಿಕೊಂಡು ನನ್ನ ಹತ್ತಿರ ಬಂತು. ನೋಡಿದರೆ ಬುಗುರಿಯವರ ಮಗಳು ಆಯಿಷಾ.

"ತಾತಾ, ಇನ್ನೊಂದಕ್ಕೆ ಮುಖ ಬರಿ. ಮುಖ ಇಲ್ದೆ ಒಡುದ್ರೆ ಮಜಾ ಬರಲ್ಲ."

ಮೂವತ್ತೊಂದು ವರ್ಷದಲ್ಲಿ ನನ್ನ ಸಬ್ಜೆಕ್ಟಿನ ಅಗತ್ಯವನ್ನು ಇಷ್ಟು ಚೆನ್ನಾಗಿ ಯಾವ ಹೆಡ್‌ಮಾಸ್ಟರೂ ಹೇಳಿರಲಿಲ್ಲ. ಇದ್ದಿಲು ಕೈಗೆತ್ತಿಕೊಂಡು, "ಯಾರ ಮುಖ ಬರೀಲಮ್ಮ?" ಎಂದು ಕೇಳಿದೆ. ಆಯಿಷಾ ನನ್ನನ್ನೇ ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

"ನಿಂದೇ ಬರಿ."

ಬೋಳು ತಲೆ, ಜೋತುಬಿದ್ದ ಕೆನ್ನೆ, ಮೂಗಿನ ತುದಿಗೆ ಜಾರಿದ ಕನ್ನಡಕ, ಎಲ್ಲವನ್ನೂ ಬರೆದೆ. ಆಯಿಷಾ ಎರಡು ಕೈಯಲ್ಲೂ ಕಾಯಿ ಹಿಡಿದಳು, ಪುಟ್ಟಸ್ವಾಮಿ ಕೆಳಗಿನಿಂದ ಆಸರೆ ಕೊಟ್ಟ. ಅಷ್ಟರಲ್ಲಿ ಬಂದು ಸೇರಿದ್ದ ತಾಯಂದಿರು ಮೊಬೈಲು ಎತ್ತಿಹಿಡಿದರು. ನಾನು ನೆಲಕ್ಕೆ ಬಿದ್ದೆ. ಇಪ್ಪತ್ತೆರಡು ದೆವ್ವಗಳು ಬೀದಿಯೇ ಹಾರಿಹೋಗುವಂತೆ ಕಿರುಚಿಕೊಂಡು ಕುಣಿದವು. ಹೋಲಿಕೆ ಬಹಳ ಚೆನ್ನಾಗಿ ಬಂದಿತ್ತು ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ.