ಒನ್ನಿ ಮಾವನ ಎಂಜಿನ್ನು

ಇಷ್ಟಕ್ಕೆಲ್ಲ ಕಾರಣ ಹೆಬ್ಬೆರಳು ಗಾತ್ರದ ಒಂದು ಬೋಲ್ಟು.

ಏಪ್ರಿಲ್‌ನಲ್ಲಿ, ಅಂಗಳದ ಹಿಮ ಕರಗಿ ರಾಡಿಯಾಗಿದ್ದ ಒಂದು ಬೆಳಗ್ಗೆ, ಸೌದೆ ವ್ಯಾಪಾರಿ ತೈಸ್ತೊ ತನ್ನ ಪಿಕಪ್ ಗಾಡಿಯ ಅಡಿಗೆ ನುಸುಳಿ ಹಳೇ ಆಯಿಲ್ ಇಳಿಸಿದ. ಇಳಿದ ಮೇಲೆ ಆಯಿಲ್ ತೂತು ಮುಚ್ಚುವ ಬೋಲ್ಟನ್ನು ಬೆರಳಲ್ಲೇ ನಾಲ್ಕು ಸುತ್ತು ತಿರುಗಿಸಿ ಸ್ಪ್ಯಾನರಿಗೆ ಕೈ ಚಾಚಿದ. ಅಷ್ಟರಲ್ಲಿ ಜೇಬಿನೊಳಗೆ ಫೋನು ಬಡಿದುಕೊಂಡಿತು. ಎದುರು ಮನೆಯ ಸೆನ್ಯಜ್ಜಿ.

“ತೈಸ್ತೊ, ಕಾಲುಗುರು ಡಾಕ್ಟರ ಹತ್ರ ಹೋಗ್ಬೇಕು ಕಣಪ್ಪ. ಈಗ್ಲೇ.”

“ಒಂದು ಹತ್ತು ನಿಮಿಷ ಅಜ್ಜಿ...”

“ಉಗುರು ಕಾಯತ್ತೆ. ಡಾಕ್ಟರು ಕಾಯಲ್ಲ.”

ತೈಸ್ತೊ ಕೈ ಒರೆಸಿಕೊಂಡು ಅಜ್ಜಿಯನ್ನು ಹಳೇ ಕಾರಿನಲ್ಲಿ ಕೂರಿಸಿಕೊಂಡು ಇಪ್ಪತ್ತೆರಡು ಕಿಲೋಮೀಟರ್ ದೂರದ ಪೇಟೆಗೆ ಹೋದ. ಡಾಕ್ಟರ ಬಾಗಿಲಿಗೆ ಬೀಗ. ಸೆನ್ಯಜ್ಜಿ ಬೀಗವನ್ನೇ ಸ್ವಲ್ಪ ಹೊತ್ತು ನೋಡಿ, “ಹೂಂ. ಇವತ್ತು ರಜಾ ಅಂತ ಕಾಣತ್ತೆ,” ಎಂದು ಎರಡು ಪೊಟ್ಟಣ ಕಾಫಿಪುಡಿ ಕೊಂಡು ವಾಪಸು ಬಂದಳು. ತೈಸ್ತೊ ಪಿಕಪ್ಪಿಗೆ ಹೊಸ ಆಯಿಲ್ ಸುರಿದ. ಸ್ಪ್ಯಾನರ್ ಮರೆತ. ಮಾರನೆಯ ದಿನ ಸೌದೆ ಹೊತ್ತು ಹೊರಟ ಗಾಡಿಯಿಂದ ದಾರಿಯಲ್ಲಿ ಎಲ್ಲೋ ಬೋಲ್ಟು ಬಿತ್ತು, ಹಿಂದೆಯೇ ಆಯಿಲ್ ಹೋಯಿತು, ಎಂಟನೇ ಕಿಲೋಮೀಟರಿನಲ್ಲಿ ಎಂಜಿನ್ ಕೊನೆಯದಾಗಿ ಒಂದು ಗೊರಕೆ ಹೊಡೆದು ಸೀಜ್ ಆಯಿತು.

ಆ ಹಳೇ ಕಾರಿನ ಕತೆಯನ್ನೂ ಹೇಳಿಬಿಡಬೇಕು. ಅದು ತೈಸ್ತೊನ ಸೋದರಮಾವ ಒನ್ನಿಯ ಟ್ಯಾಕ್ಸಿ. ಹೌಕಿಯೋಕಿ ಹಳ್ಳಿಯಲ್ಲಿ ಮೂವತ್ತೊಂದು ವರ್ಷ ಓಡಿದ ಜರ್ಮನ್ ಡೀಸೆಲ್ ಕಾರು. ನಾಲ್ಕು ವರ್ಷದ ಹಿಂದೆ ಒನ್ನಿ ತೀರಿಕೊಂಡಾಗ ಕಾರು ತೈಸ್ತೊನ ಪಾಲಿಗೆ ಬಂತು. ಕಾರಿನ ಜೊತೆಗೆ, ಹಸುವಿನ ಜೊತೆ ಉಣ್ಣಿ ಬಂದ ಹಾಗೆ, ಅದರ ಗಿರಾಕಿಗಳೂ ಬಂದರು. ಪ್ರತಿ ಗುರುವಾರ ಮೂವರು ಮುದುಕರನ್ನು ಪೇಟೆಗೆ ಕರೆದುಕೊಂಡು ಹೋಗಿ ತರಬೇಕು. ಟ್ಯಾಕ್ಸಿ ಲೈಸೆನ್ಸ್ ಇಲ್ಲದವನು ದುಡ್ಡು ಮುಟ್ಟಿದರೆ ತಪ್ಪು, ಏಲಕ್ಕಿ ಬನ್ನು ಮುಟ್ಟಿದರೆ ತಪ್ಪಲ್ಲ ಎಂದು ಸೆನ್ಯಜ್ಜಿಯೇ ಕಾನೂನು ಹೇಳಿದ್ದಳು. ನಾಲ್ಕು ವರ್ಷದಲ್ಲಿ ತೈಸ್ತೊ ಹನ್ನೊಂದು ಕಿಲೋ ದಪ್ಪಗಾದ.

ಬಾಯಿ ಬಿಟ್ಟು ‘ಆಗಲ್ಲ’ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹೌಕಿಯೋಕಿಯಲ್ಲಿ ಆ ಮಾತು ಆಡಿದವರಿಲ್ಲ. ತೀರ ಸಿಟ್ಟು ಬಂದರೆ ‘ನೋಡೋಣ’ ಅನ್ನುತ್ತಾರೆ, ಕೇಳಿದವರು ಅದನ್ನು ‘ಆಯಿತು’ ಎಂದು ತಿಳಿಯುತ್ತಾರೆ. ಇಂಥವರಿಗೆ ದೇವರು ಯಾಕಾದರೂ ಬಾಯಿ ಕೊಟ್ಟನೋ.

ತೈಸ್ತೊನಿಗೆ ಇದ್ದದ್ದು ಒಂದೇ ಆಸೆ, ಕಾರು ತಾನಾಗೇ ಸಾಯಲಿ. ಕಾರಿನ ತಳ ತುಕ್ಕು ಹಿಡಿದು ಜರಡಿಯಾಗಿತ್ತು. ‘ಮುಂದಿನ ವರ್ಷ ಇದನ್ನ ತರಬೇಡ’ ಎಂದು ಹೋದ ಬೇಸಿಗೆಯಲ್ಲೇ ತಪಾಸಣೆ ಕಚೇರಿಯವನು ಹೇಳಿದ್ದ. ಹೀಗಿರುವಾಗ ಪಿಕಪ್ಪಿನ ಎಂಜಿನ್ ಹೋಯಿತು. ಆಗ ಪಕ್ಕದ ಮನೆಯ ರೌನೊ, ಊರಿನ ಅರ್ಧ ಟ್ರ್ಯಾಕ್ಟರುಗಳನ್ನು ಬಿಚ್ಚಿ ಜೋಡಿಸಿದವನು, ಬೇಲಿಯ ಮೇಲೆ ಮೊಣಕೈ ಊರಿ ಹೇಳಿದ:

“ಕಾರಿನ ಬಾಡಿ ಹೋಗಿದೆ, ಎಂಜಿನ್ನು ಗಟ್ಟಿ ಕಲ್ಲು. ಪಿಕಪ್ಪಿನ ಎಂಜಿನ್ ಹೋಗಿದೆ, ಬಾಡಿ ಕಲ್ಲು. ನೋಡ್ತಾ ಏನು ಕೂತಿದೀಯೋ?”

ತೈಸ್ತೊನಿಗೆ ಆ ರಾತ್ರಿ ಸಂತೋಷಕ್ಕೆ ನಿದ್ದೆ ಬರಲಿಲ್ಲ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಪಿಕಪ್ ಬದುಕುತ್ತದೆ, ಟ್ಯಾಕ್ಸಿ ಸಾಯುತ್ತದೆ, ಯಾರಿಗೂ ‘ಆಗಲ್ಲ’ ಅನ್ನಬೇಕಾಗಿಲ್ಲ. ಪಿಕಪ್ಪಿನಲ್ಲಿ ಮುಂದೆ ಎರಡೇ ಸೀಟು. ಹಿಂದಿನ ಬಾಗಿಲುಗಳಿದ್ದವು, ಆದರೆ ಗರಗಸ, ಸರಪಳಿ ಇಡಲೆಂದು ಹಿಂದಿನ ಸೀಟನ್ನು ಅವನೇ ಕಿತ್ತೆಸೆದು ಎಷ್ಟೋ ವರ್ಷವಾಗಿತ್ತು.

ಆರು ವಾರ ರೌನೊನ ಕೊಟ್ಟಿಗೆಯಲ್ಲಿ ಕೆಲಸ ನಡೆಯಿತು. ರೌನೊ ವೆಲ್ಡಿಂಗ್ ಮಾಡಿದ, ತೈಸ್ತೊ ದೀಪ ಹಿಡಿದ. ಗೇರ್‌ಬಾಕ್ಸಿಗೂ ಎಂಜಿನ್ನಿಗೂ ಜಾತಕ ಕೂಡಲಿಲ್ಲ. ನಡುವೆ ದಪ್ಪ ತಗಡು ಕೊರೆದು ಕೂಡಿಸಿದರು. ಫ್ಯಾನು ರೇಡಿಯೇಟರಿಗೆ ತಗುಲಿತು, ರೇಡಿಯೇಟರನ್ನೇ ಮುಂದಕ್ಕೆ ತಳ್ಳಿದರು. ಕೊನೆಯ ವಾರ ಮಾತ್ರ ರೌನೊ ತೈಸ್ತೊನನ್ನು ಕೊಟ್ಟಿಗೆಗೇ ಬಿಡಲಿಲ್ಲ. “ನೀನು ದೀಪ ಹಿಡಿದ್ರೆ ನಂಗೆ ಕತ್ತಲಾಗತ್ತೆ,” ಅಂದ.

ಕೊನೆಗೆ ಬೇಸಿಗೆ ಹಬ್ಬದ ಹಿಂದಿನ ದಿನ, ಗುರುವಾರ, ಮಧ್ಯಾಹ್ನ ಎರಡು ಗಂಟೆಗೆ ಗಾಡಿ ತಯಾರಾಯಿತು. ತಪಾಸಣೆ ಕಚೇರಿ ನಾಲ್ಕಕ್ಕೆ ಮುಚ್ಚುತ್ತದೆ, ಆಮೇಲೆ ಮೂರು ದಿನ ರಜೆ. ಬೇರೆ ಎಂಜಿನ್ ಕೂರಿಸಿದ ಗಾಡಿ ತಪಾಸಣೆಯಾಗದೆ ಕೆಲಸಕ್ಕೆ ಇಳಿಯುವಂತಿಲ್ಲ. ಸರೋವರದ ದಂಡೆಯ ಹನ್ನೆರಡು ಬೇಸಿಗೆ ಮನೆಗಳಿಗೆ ಇವತ್ತು ಸಂಜೆಯೊಳಗೆ ಸೌನಾ ಸೌದೆ ಹಾಕುತ್ತೇನೆಂದು ತೈಸ್ತೊ ಮಾತು ಕೊಟ್ಟಿದ್ದ. ದೀಪಾವಳಿಗೆ ಎಣ್ಣೆಸ್ನಾನ ಹೇಗೋ ಈ ಹಬ್ಬಕ್ಕೆ ಸೌನಾ ಅನ್ನುವ ಹಬೆಸ್ನಾನ ಹಾಗೆ. ಸೌದೆ ಬರದಿದ್ದರೆ ಆ ಹನ್ನೆರಡು ಮನೆಯವರು ಮುಂದಿನ ವರ್ಷವಲ್ಲ, ಮುಂದಿನ ಜನ್ಮದಲ್ಲೂ ಅವನ ಹತ್ತಿರ ಕೊಳ್ಳುವುದಿಲ್ಲ.

ರೌನೊ ಕೀಲಿ ತಿರುಗಿಸಿದ. ತಗಡಿನ ಡಬ್ಬಿಗೆ ಬೆಣಚುಕಲ್ಲು ಹಾಕಿ ಅಲ್ಲಾಡಿಸಿದಂಥ ಸದ್ದು ಕೊಟ್ಟಿಗೆ ತುಂಬಿತು. ತೈಸ್ತೊ ಕಣ್ಣು ಒರೆಸಿಕೊಂಡ. ಅರ್ಧ ಭಾವನೆಗೆ, ಅರ್ಧ ಹೊಗೆಗೆ.

“ಆಫ್ ಮಾಡು, ಒಂದ್ಸಲ ನೋಡೋಣ,” ಅಂದ.

ರೌನೊ ಕೀಲಿ ಹಿಂದಕ್ಕೆ ತಿರುಗಿಸಿದ. ಎಂಜಿನ್ ಓಡುತ್ತಲೇ ಇತ್ತು. ಕೀಲಿ ಹೊರಗೆಳೆದ. ಓಡುತ್ತಲೇ ಇತ್ತು.

“ನಿಲ್ತಿಲ್ವಲ್ಲೋ.”

“ನೀನು ಹೊರಟಿರೋದು ಹೋಗೋಕೋ ನಿಲ್ಲೋಕೋ? ಹತ್ತು. ಹಿಂದಿನ ಬಾಗಿಲು ಮಾತ್ರ ತೆಗೀಬೇಡ, ಗೋಂದು ಒಣಗ್ತಿದೆ.”

ಹಿಂದಿನ ಕಿಟಕಿಗಳಿಗೆ ಒಳಗಿನಿಂದ ವೃತ್ತಪತ್ರಿಕೆ ಅಂಟಿಸಿತ್ತು. ಕೇಳುವುದಕ್ಕೆ ಹೊತ್ತಿರಲಿಲ್ಲ. ತೈಸ್ತೊ ಹೊರಟ.

ಇನ್ನೂರು ಗಜ ಹೋಗಿರಲಿಲ್ಲ, ಸೆನ್ಯಜ್ಜಿ ಟೋಪಿ ಹಾಕಿಕೊಂಡು, ಕೈಚೀಲ ಹಿಡಿದು ಗೇಟಿನ ಹತ್ತಿರ ನಿಂತಿದ್ದಳು. ತೈಸ್ತೊ ನೋಡದವನ ಹಾಗೆ ಮುಖ ತಿರುಗಿಸಿದ. ಅಜ್ಜಿ ರಸ್ತೆ ನಡುವಿಗೆ ಬಂದು ನಿಂತಳು. ಎಂಬತ್ತನಾಲ್ಕು ವರ್ಷದವಳ ಮೇಲೆ ಗಾಡಿ ಹತ್ತಿಸುವಂತಿಲ್ಲ. ಬ್ರೇಕ್ ಹಾಕಿದ. ಅವಳು ಮುಂದಿನ ಬಾಗಿಲು ತೆಗೆದು ಕೂತು ಬೆಲ್ಟ್ ಹಾಕಿಕೊಂಡಳು.

“ಸದ್ದು ಕೇಳ್ತು. ಬಂದೆ.”

“ಅಜ್ಜಿ, ಇದು ಒನ್ನಿ ಮಾವನ ಕಾರಲ್ಲ. ಸೌದೆ ಗಾಡಿ.”

“ಹೂಂ. ಸದ್ದು ಅದೇ.”

ತೈಸ್ತೊನಿಗೆ ಆಗ ಹೊಳೆಯಿತು. ಮೂವತ್ತೊಂದು ವರ್ಷ ಒನ್ನಿಗೆ ಯಾರೂ ಫೋನು ಮಾಡಿದವರಲ್ಲ. ಗುರುವಾರ ಎಂಜಿನ್ ಸದ್ದು ಕೇಳಿದರೆ ಕೋಟು ತೊಟ್ಟು ಗೇಟಿಗೆ ಬರುವುದು ರೂಢಿ. ಅವನು ಟ್ಯಾಕ್ಸಿಯನ್ನು ಕೊಂದಿದ್ದ, ಅದರ ಗಂಟಲನ್ನು ಮಾತ್ರ ಕಿತ್ತು ತನ್ನ ಗಾಡಿಗೆ ಕಟ್ಟಿಕೊಂಡಿದ್ದ. ಬೇರೆಯವರ ಗಾಡಿಯ ಬಗ್ಗೆ ಮಾತಾಡುವುದು ಈ ಊರಲ್ಲಿ ಒರಟುತನ. ಆದ್ದರಿಂದ ಕಾರು ಯಾಕೆ ಲಾರಿಯ ಹಾಗಿದೆ ಎಂದು ಯಾರೂ ಕೇಳುವುದಿಲ್ಲ. ಇನ್ನು ಗುರುವಾರದ ಎರಡನೇ ಗಿರಾಕಿ ಹಿಲ್ಯಜ್ಜಿಯ ಮನೆ ದಾಟಬೇಕು. ಕೀಲಿ ತಿರುಗಿಸಿ ಇಳಿಜಾರಿನಲ್ಲಿ ಸದ್ದಿಲ್ಲದೆ ಜಾರಿಹೋಗೋಣವೆಂದರೆ ಆ ಹಾಳು ಎಂಜಿನ್ ನಿಲ್ಲಬೇಕಲ್ಲ.

ಹಿಲ್ಯಜ್ಜಿ ನಿಂತೇ ಇದ್ದಳು. ಬೀರುವಿನಷ್ಟು ಅಗಲದ ಹೆಂಗಸು, ಕೈಯಲ್ಲಿ ಊರುಗೋಲು. ಪಕ್ಕದಲ್ಲಿ ಹಬ್ಬಕ್ಕೆ ಒಗೆಯಬೇಕಾದ ಐದು ಚಿಂದಿಬಟ್ಟೆಯ ಜಮಖಾನೆ, ಒಂದು ಬಕೆಟ್ ಸೋಪು.

“ಇದನ್ನ ಹಿಂದೆ ಹಾಕು ಮಗಾ. ಪೇಟೆ ಹತ್ರ ಒಗೆಯೋ ಕಟ್ಟೆಗೆ.”

“ಅಜ್ಜಿ, ಜಾಗ ಇಲ್ಲ. ಹಿಂದೆ ಸೀಟೇ ಇಲ್ಲ.”

ಹಿಲ್ಯಜ್ಜಿ ಹಿಂದಿನ ಬಾಗಿಲು ತೆಗೆದಳು. ಒಳಗೆ ಕಂದು ಬಣ್ಣದ ಸೀಟು, ಮೂರು ಹೊಸ ಬೆಲ್ಟು. ಸೀಟಿನ ಎಡಗಡೆ ಒನ್ನಿ ಮಾವನ ಚುಟ್ಟಾ ಸುಟ್ಟ ತೂತು. ತೈಸ್ತೊ ತೂತನ್ನು ಬೆರಳಲ್ಲಿ ಮುಟ್ಟಿ ನೋಡಿದ. ಅದೇ ತೂತು.

“ಇದು ಇಲ್ಲಿಗೆ ಹೇಗೆ ಬಂತು?”

“ಸೀಟು ಎಲ್ಲಿರ್ಬೇಕೋ ಅಲ್ಲಿದೆ,” ಎಂದಳು ಹಿಲ್ಯಜ್ಜಿ. “ಬಾ, ಕಾಫಿ ಆಗಿದೆ.”

“ನಾಲ್ಕು ಗಂಟೆಗೆ ನಾನು ತಪಾಸಣೆಗೆ ಹೋಗ್ಬೇಕು ಅಜ್ಜಿ, ಇಲ್ದಿದ್ರೆ ನನ್ನ ಹಬ್ಬದ ವ್ಯಾಪಾರ ಮುಳುಗ್ತು.”

“ಹಾಗಾದ್ರೆ ಬೇಗ ಕುಡಿ.”

ಬಸಿದ ಕಾಫಿಗೆ ಬೆನ್ನು ತೋರಿಸಿ ಹೋದವನನ್ನು ಹೌಕಿಯೋಕಿಯಲ್ಲಿ ಮೂರು ತಲೆಮಾರು ನೆನಪಿಟ್ಟುಕೊಳ್ಳುತ್ತಾರೆ. ತೈಸ್ತೊ ಎರಡು ಲೋಟ ಕಾಫಿ ಕುಡಿದು ಮೂರು ಬನ್ನು ನುಂಗಿದ. ಅಡುಗೆಮನೆಯ ಕಿಟಕಿಯಿಂದಲೇ ರೌನೊನಿಗೆ ನಾಲ್ಕು ಸಲ ಫೋನು ಮಾಡಿದ, ಎತ್ತಲಿಲ್ಲ. ಅಂಗಳದಲ್ಲಿ ನಿಲ್ಲದೆ ಗುಡುಗುತ್ತಿದ್ದ ಗಾಡಿ ತಂತಿಯ ಮೇಲೆ ಒಣಹಾಕಿದ್ದ ಬಿಳಿ ಹಾಸುಗಳಿಗೆ ಹೊಗೆ ಉಗುಳಿ ಉಗುಳಿ ಅವು ಕಾಗೆಯ ಬಣ್ಣಕ್ಕೆ ಬಂದವು. ಹಿಲ್ಯಜ್ಜಿ ಅವನ್ನು ನೋಡಿ, “ಹೂಂ. ಅವೂ ಒಗೆಯೋಕಾದ್ವು,” ಎಂದು ಮಡಿಸಿ ಗಾಡಿಗೆ ಹಾಕಿದಳು.

ಮುಂದಿನ ತಿರುವಿನಲ್ಲಿ ಮೂರನೇ ಗಿರಾಕಿ, ಔಲಿಸಜ್ಜ. ಈತ ಮಾತಾಡಿದ್ದನ್ನು ತೈಸ್ತೊ ಕಡೆಯ ಬಾರಿ ಕೇಳಿದ್ದು ಹೋದ ಚುನಾವಣೆಯಲ್ಲಿ. ಅಜ್ಜನ ಪಕ್ಕದಲ್ಲಿ ಒಡೆದ ಸೌನಾ ಒಲೆ, ಎಂಬತ್ತು ಕಿಲೋ ಕಬ್ಬಿಣ. ಅದಕ್ಕೆ ಆನಿಸಿ ಎರಡು ಹಲಗೆ, ಗಾಡಿಗೆ ಉರುಳಿಸಲು ಸರಿಯಾಗಿ ಅಳತೆ ಮಾಡಿ ಕುಯ್ದದ್ದು. ಕಾರಿನ ಡಿಕ್ಕಿಗೆ ಯಾವನಾದರೂ ಹಲಗೆ ಕುಯ್ಯುತ್ತಾನೆಯೇ? ತೈಸ್ತೊನಿಗೆ ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಮೂರೂಕಾಲಾಗಿತ್ತು. ಬೆವರು ಸುರಿಸಿ ಒಲೆಯನ್ನು ಗಾಡಿಗೆ ಏರಿಸಿದ. ಕೈಗೆ ಮಸಿ, ಮೂಗಿಗೆ ಮಸಿ. ಔಲಿಸಜ್ಜ ಹಿಂದೆ ಹಿಲ್ಯಜ್ಜಿಯ ಪಕ್ಕ ಕೂತು ಬೆಲ್ಟ್ ಹಾಕಿಕೊಂಡ.

“ನೋಡಿ,” ತೈಸ್ತೊ ಸ್ಟೀರಿಂಗ್ ಹಿಡಿದು, ಜೀವನದಲ್ಲಿ ಮೊದಲ ಸಲ ದನಿ ಏರಿಸಿದ, “ಇದೇ ಕೊನೆ. ಇವತ್ತಿಗೆ ಮುಗೀತು. ಇದು ಕೆಲಸದ ಗಾಡಿ. ಇನ್ನು ಮುಂದೆ ನಾನು...”

ಮೂವರೂ ಕಾದರು.

“...ನೋಡೋಣ,” ಅಂದ ತೈಸ್ತೊ.

“ಮಾತಾಡ್ತಾ ಕೂರ್ಬೇಡ, ಓಡ್ಸು,” ಅಂದಳು ಸೆನ್ಯಜ್ಜಿ.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಗಾಡಿ ತಪಾಸಣೆ ಕಚೇರಿಯ ಬಾಗಿಲಿಗೆ ನುಗ್ಗಿತು. ಅಲ್ಲಿದ್ದವನು ಹೋದ ವರ್ಷದ ತೆಳ್ಳನೆಯ ಮನುಷ್ಯನೇ, ಹರಳೆಣ್ಣೆ ಕುಡಿದವನ ಮುಖ. ಬ್ರೇಕ್ ನೋಡಿದ, ದೀಪ ನೋಡಿದ, ಅಡಿಗೆ ಹೋಗಿ ರೌನೊನ ವೆಲ್ಡಿಂಗನ್ನು ಸುತ್ತಿಗೆಯಲ್ಲಿ ತಟ್ಟಿದ. ಅದು ದೇವಸ್ಥಾನದ ಗಂಟೆಯ ಹಾಗೆ ಮೊಳಗಿತು.

“ಎಲ್ಲಾ ಸರಿ ಇದೆ. ಎಂಜಿನ್ ಆಫ್ ಮಾಡಿ.”

ತೈಸ್ತೊ ಕೀಲಿ ತಿರುಗಿಸಿದ. ಎಂಜಿನ್ ಓಡುತ್ತಿತ್ತು.

“ಆಫ್ ಮಾಡಿ ಅಂದೆ.”

ತೈಸ್ತೊ ಕೀಲಿಯನ್ನು ಹೊರಗೆಳೆದು ಅವನಿಗೇ ತೋರಿಸಿದ.

“ಕೀಲಿಯಲ್ಲಿ ನಿಲ್ಲದ ಗಾಡಿಗೆ ನಾನು ಸಹಿ ಹಾಕಲ್ಲ,” ಎಂದು ತಪಾಸಣೆಯವನು ಗೋಡೆ ಗಡಿಯಾರ ನೋಡಿದ. ಏಳು ನಿಮಿಷವಿತ್ತು. “ಸೋಮವಾರ ಬನ್ನಿ.”

ಹನ್ನೆರಡು ಮನೆಗಳು ತೈಸ್ತೊನ ಕಣ್ಣ ಮುಂದೆ ತಣ್ಣಗಾದವು. ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆದುಕೊಂಡಿತು. ಹಿಲ್ಯಜ್ಜಿ ಇಳಿದು, ಬಾನೆಟ್ ಎತ್ತಿಸಿ, ಊರುಗೋಲಿನ ತುದಿಯಿಂದ ಒಳಗೆ ಏನನ್ನೋ ಒತ್ತಿದಳು. ಎಂಜಿನ್ ತಟ್ಟನೆ ನಿಂತಿತು. ಆ ನಿಶ್ಶಬ್ದದಲ್ಲಿ ಸೆನ್ಯಜ್ಜಿ ಕೈಚೀಲ ಬಿಚ್ಚಿದಳು. ಕರವಸ್ತ್ರ, ಮಾತ್ರೆ ಡಬ್ಬಿ, ಪೆಪ್ಪರ್‌ಮಿಂಟು, ಅದರಡಿಯಿಂದ ಗೇಣುದ್ದದ ಒಂದು ಕಪ್ಪು ರಬ್ಬರ್ ಪೈಪು.

“ಇದನ್ನ ಅಲ್ಲಿ ಸಿಕ್ಕಿಸು. ಎಡಗಡೆ, ಆ ಪುಟ್ಟ ಮೂತಿಗೆ. ಆಮೇಲೆ ಕೀಲಿಯಲ್ಲೇ ನಿಲ್ಲತ್ತೆ.”

ತೈಸ್ತೊ ಸಿಕ್ಕಿಸಿದ. ಶುರು ಮಾಡಿದ, ಕೀಲಿ ತಿರುಗಿಸಿದ. ಎಂಜಿನ್ ಸಾಧು ಹಸುವಿನ ಹಾಗೆ ನಿಂತಿತು. ತಪಾಸಣೆಯವನು ಸಹಿ ಹಾಕಿದ. ನಾಲ್ಕಕ್ಕೆ ಎರಡು ನಿಮಿಷ.

“ಈ ಪೈಪು ನಿಮ್ಮ ಚೀಲಕ್ಕೆ ಹೇಗೆ ಬಂತು ಅಜ್ಜಿ?”

“ರೌನೊ ಕೊಟ್ಟ. ಇಲ್ಲಿಗೆ ಬಂದ್ಮೇಲೆ ಹಾಕು ಅಂದ. ಮೊದಲೇ ಹಾಕಿದ್ರೆ ನೀನು ಎಂಜಿನ್ ನಿಲ್ಸಿ ಸದ್ದಿಲ್ದೆ ಜಾರ್ಕೊಂಡು ಹೋಗ್ತಿದ್ದೆ. ನಮ್ಗೆ ಕಿವಿ ಮಂದ ಕಣಪ್ಪ.”

ತಪಾಸಣೆಯವನು ಕಾಗದ ಕೈಗಿತ್ತ. ತೈಸ್ತೊ ಓದಿದ. ಅರ್ಜಿ ತುಂಬಿದ್ದು ರೌನೊನ ಕೈಬರಹದಲ್ಲಿ. ಎಂಜಿನ್: ಬದಲಾಗಿದೆ. ಆಸನ: ಐದು. ತೈಸ್ತೊನ ತಲೆಯಲ್ಲಿ ನಿಧಾನವಾಗಿ, ಚಳಿಗಾಲದ ಬೆಳಗ್ಗೆ ಡೀಸೆಲ್ ಗಾಡಿ ಶುರುವಾಗುವ ಹಾಗೆ, ಒಂದೊಂದೇ ಸಿಲಿಂಡರ್ ಹೊತ್ತಿಕೊಂಡಿತು. ತುಕ್ಕು ಹಿಡಿದ ಕಾರು. ಗಟ್ಟಿ ಬಾಡಿಯ ಪಿಕಪ್. ಬೇಲಿಯ ಮೇಲೆ ರೌನೊನ ಮೊಣಕೈ. ಅಳತೆಗೆ ಕುಯ್ದ ಹಲಗೆ. ಬೀಗ ಹಾಕಿದ್ದ ಡಾಕ್ಟರ ಬಾಗಿಲು. ಸೆನ್ಯಜ್ಜಿಯ ಕಿಟಕಿ ಇರುವುದು ಅವನ ಅಂಗಳಕ್ಕೆ ನೇರ ಎದುರಿಗೆ.

“ಅಜ್ಜಿ,” ಎಂದ ತೈಸ್ತೊ, “ಏಪ್ರಿಲ್‌ನಲ್ಲಿ ನೀವು ಕಾಲುಗುರು ಅಂತ ಫೋನು ಮಾಡಿದ್ರಲ್ಲ. ಆಗ ನಾನು ಗಾಡಿ ಕೆಳಗೆ ಆಯಿಲ್ ಬದಲಾಯಿಸ್ತಿದ್ದೆ. ನಿಮಗೆ ಕಾಣಿಸ್ತಿತ್ತಾ?”

ಸೆನ್ಯಜ್ಜಿ ಪೆಪ್ಪರ್‌ಮಿಂಟು ಬಾಯಿಗೆ ಹಾಕಿಕೊಂಡಳು.

“ಇಲ್ಲಪ್ಪ. ಕಾಲೆರಡೇ ಕಾಣಿಸ್ತಿತ್ತು.”

ತೈಸ್ತೊ ತಿರುಗಿ ಗಾಡಿಯ ಹಿಂಭಾಗ ನೋಡಿದ. ನಾಲ್ಕು ವರ್ಷ ಮುದುಕರನ್ನು ಮಾತ್ರ ಹೊತ್ತಿದ್ದ. ಈಗ ಮುದುಕರ ಜೊತೆ ಜಮಖಾನೆ, ಒಲೆ, ಮಸಿಯಾದ ಹಾಸು. ಮೊದಲು ಕಾರಿನ ಡಿಕ್ಕಿಯಷ್ಟೇ ಜಾಗವಿತ್ತು, ಈಗ ಬಯಲೇ ಇದೆ.

“ನಂಗೆ ಹನ್ನೆರಡು ಮನೆಗೆ ಸೌದೆ ಹಾಕೋದಿದೆ,” ಎಂದ, ಅಳುವ ದನಿಯಲ್ಲಿ.

“ಹಾಕು. ನಾವೂ ಬರ್ತೀವಿ,” ಎಂದಳು ಹಿಲ್ಯಜ್ಜಿ. “ಜಮಖಾನೆ ಒಗೆದ್ಮೇಲೆ. ಪ್ರತಿ ಮನೆಯಲ್ಲೂ ಕಾಫಿ ಕೊಡ್ತಾರೆ.”

ತೈಸ್ತೊ ಕೀಲಿ ತಿರುಗಿಸಿದ. ಎಂಜಿನ್ ಊರಿಗೆಲ್ಲ ಕೇಳುವ ಹಾಗೆ ಗುಡುಗಿತು. ಪೇಟೆ ಬೀದಿಯ ಕೊನೆಯಲ್ಲಿ, ಅವನು ಹಿಂದೆಂದೂ ನೋಡಿರದ ಒಬ್ಬ ಮುದುಕಿ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಗೇಟಿನಿಂದ ಹೊರಗೆ ಬಂದಳು.

ಆಗ ಹಿಂದಿನ ಸೀಟಿನಲ್ಲಿ ಔಲಿಸಜ್ಜ ಗಂಟಲು ಸರಿಮಾಡಿಕೊಂಡ. ಗಾಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

“ಹಿಂದೆ ಹೀಟರಿಲ್ಲ,” ಎಂದ ಔಲಿಸಜ್ಜ. “ಹಿಮ ಬೀಳೋಕೆ ಮುಂಚೆ ಹಾಕ್ಸು.”